ಮಚಾಡೊ ಮತ್ತು ಇತರರು

ಸಭೆಯ ಕಲಾಪ ಮುಂದುವರಿಯುವ ಮೊದಲು ಒಂದು ಮಹತ್ವದ ಘೋಷಣೆ ಮಾಡಬೇಕಾಗಿದೆ. ಸ್ಟಾಕ್ಟನ್ ನಗರದ ಚರಿತ್ರೆಯಲ್ಲಿ, ಈ ಕಣಿವೆಯ ಚರಿತ್ರೆಯಲ್ಲಿ, ಬೇಕಿದ್ದರೆ ಇಡೀ ಕ್ಯಾಲಿಫೋರ್ನಿಯಾದ ಚರಿತ್ರೆಯಲ್ಲಿ ಎನ್ನಿ, ಮೊಟ್ಟಮೊದಲ ಬಾರಿಗೆ ಎಲ್ವಿನ್ ಮಚಾಡೊ ಎಂಬ ಮನುಷ್ಯನಿಗಾಗಿ ಒಂದು ಪಾರ್ಕಿಂಗ್ ಜಾಗವನ್ನು ಕಾಯ್ದಿರಿಸಲಾಗಿದೆ. ಅದು ಈ ಹೋಟೆಲಿನ ಬಾಗಿಲಿಗೆ ಅಂಟಿಕೊಂಡೇ ಇದೆ. ನನ್ನ ಹೆಸರಿನ ಫಲಕವಿದೆ, ಅದರ ಕೆಳಗೆ 'ಗೌರವಾನ್ವಿತ ಅತಿಥಿ' ಎಂದಿದೆ. ಒಳಗೆ ಬರುವ ಮುಂಚೆ ನಾನು ಆ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತುಕೊಂಡೆ. ಕಾರು ತರದವನು ಅಲ್ಲಿ ಮಾಡಬಹುದಾದದ್ದು ಅಷ್ಟೇ. ನಾನು ಬಸ್ಸಿನಲ್ಲಿ ಬಂದೆ.

ಸಂತೋಷದ ಸುದ್ದಿ ಮುಗಿಯಿತು. ಇನ್ನು ಪದ್ಧತಿಯ ಪ್ರಕಾರ.

ಕಣಿವೆ ವಕೀಲರ ಕೂಟದ ಅಧ್ಯಕ್ಷೆ ಶ್ರೀಮತಿ ಎಲ್ಲಿಂಗ್‌ವುಡ್ ಅವರೇ, ಈ ಸಂಜೆಯ ಸನ್ಮಾನಿತರೂ ನನ್ನ ವಕೀಲರೂ ಆದ ಶ್ರೀ ಗ್ರೇಡನ್ ಟಾಲ್ಮನ್ ಅವರೇ, ಅವರ ವಿರುದ್ಧ ವರ್ಷಗಟ್ಟಲೆ ವಾದಿಸಿ, ಈಗ ಅವರ ಪಕ್ಕದಲ್ಲೇ ಕೂತು ಅವರ ಬ್ರೆಡ್ಡಿಗೆ ಬೆಣ್ಣೆ ದಾಟಿಸುತ್ತಿರುವ ಎದುರು ಪಕ್ಷದ ವಕೀಲರೇ, ಕೋಳಿ ಕೇಳಿ ಮೀನು ಪಡೆದವರೇ, ಮೀನು ಕೇಳಿ ಕೋಳಿ ಪಡೆದವರೇ, ಇನ್ನೂ ಏನೂ ಬಾರದೆ ನನ್ನ ಮುಖ ನೋಡುತ್ತಿರುವ ಹಿಂದಿನ ಸಾಲಿನವರೇ, ಸಭಿಕರೇ.

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಟಾಲ್ಮನ್ ಅವರ ಕಚೇರಿಯಿಂದ ಒಬ್ಬ ಹುಡುಗಿ ಫೋನ್ ಮಾಡಿ, ಏನು ಮಾತಾಡಬೇಕೆಂದು ಬಹಳ ವಿನಯದಿಂದ ವಿವರಿಸಿದಳು. ಮೊದಲು ಕಷ್ಟ ಹೇಳಬೇಕು, ಆಮೇಲೆ ಟಾಲ್ಮನ್ ಅವರು ಬಂದದ್ದು ಹೇಳಬೇಕು, ಆಮೇಲೆ ಕಷ್ಟ ಹೋದದ್ದು ಹೇಳಬೇಕು. "ಕೊನೇಲಿ ಸ್ವಲ್ಪ ಗಂಟಲು ಕಟ್ಟಿದ್ರೆ ಚೆನ್ನಾಗಿರತ್ತೆ ಮಿಸ್ಟರ್ ಮಚಾಡೊ, ಆದ್ರೆ ಬಲವಂತ ಇಲ್ಲ" ಎಂದಳು. ನನ್ನ ಗಂಟಲು ಕಟ್ಟುವುದಕ್ಕೆ ನಿಮ್ಮ ಈ ಕೋಳಿಯೇ ಸಾಕು. ಹಾಗಾಗಿ ಆ ಭಾಗವನ್ನು ನಾನು ಊಟದ ಹೊತ್ತಿಗೇ ಮುಗಿಸಿಬಿಟ್ಟಿದ್ದೇನೆ.

ಇನ್ನೊಂದು ಷರತ್ತು. ನಾವು ಯಾವ ಕಂಪನಿಯ ಮೇಲೆ ದಾವೆ ಹೂಡಿದೆವೋ ಅದರ ಬಗ್ಗೆ ನಾನು ಕೆಟ್ಟ ಮಾತು ಆಡುವಂತಿಲ್ಲ. ಅದು ರಾಜಿ ಒಪ್ಪಂದದಲ್ಲಿದೆ. ಆಡಿದರೆ, ಮೊದಲ ವಾದಿ ಎಂದು ನನಗೆ ಪ್ರತ್ಯೇಕವಾಗಿ ಬರಬೇಕಾದ ಗೌರವಧನ ಬರುವುದಿಲ್ಲ. ಆದ್ದರಿಂದ ನಾನು ಅದನ್ನು 'ಆ ಮಹಾನ್ ಸಂಸ್ಥೆ' ಎಂದೇ ಕರೆಯುತ್ತೇನೆ. ನಾನು ಹಾಗೆ ಕರೆದಾಗ ನೀವು ಯಾರೂ ನಗಕೂಡದು. ನೋಡಿ, ಅಲ್ಲಿ ಒಬ್ಬರು ನಕ್ಕರು. ಸ್ವಾಮಿ, ನನ್ನ ಹೊಟ್ಟೆಯ ಮೇಲೆ ಹೊಡೆಯಬೇಡಿ.

ಆ ಮಹಾನ್ ಸಂಸ್ಥೆ ಏನು ಮಾಡುತ್ತದೆ? ನಿಮ್ಮ ಮನೆಯ ಫ್ರಿಜ್ ಕೆಟ್ಟರೆ, ಬಟ್ಟೆ ಒಗೆಯುವ ಯಂತ್ರ ನಿಂತರೆ, ಬಿಸಿನೀರು ಬಾರದಿದ್ದರೆ, ಮತ್ತು ನೀವು ತಿಂಗಳು ತಪ್ಪದೆ ಕಂತು ಕಟ್ಟಿದ್ದರೆ, ರಿಪೇರಿ ಮಾಡಿಸಿಕೊಡುತ್ತದೆ. ಮಾಡಿಸಿಕೊಡಲು ಆಗದಿದ್ದರೆ ಅದನ್ನು ಅತ್ಯಂತ ಸವಿಯಾದ ದನಿಯಲ್ಲಿ ತಿಳಿಸುತ್ತದೆ. ಆ ಸವಿಯಾದ ದನಿ ನಾವು. ಊರಾಚೆ, ಟೊಮೆಟೊ ಡಬ್ಬಿ ತುಂಬುವ ಕಾರ್ಖಾನೆಯ ಹಿಂದೆ, ಕಿಟಕಿಯಿಲ್ಲದ ಒಂದು ಹಾಲಿನಲ್ಲಿ ಕಿವಿಗೆ ಫೋನು ಸಿಕ್ಕಿಸಿಕೊಂಡು ನಾವೆಲ್ಲ ಕೂತಿರುತ್ತಿದ್ದೆವು. ಪ್ರತಿ ಮೇಜಿನ ಮೇಲೂ ಒಂದು ಪುಟ್ಟ ಕನ್ನಡಿ ಇತ್ತು. ನಗುತ್ತಾ ಮಾತಾಡುತ್ತಿದ್ದೇವೋ ಇಲ್ಲವೋ ಎಂದು ನಾವೇ ನೋಡಿಕೊಳ್ಳುವುದಕ್ಕೆ. ಆ ಕನ್ನಡಿಯಲ್ಲಿ ನಾನು ಮುದುಕನಾಗುವುದನ್ನು ದಿನದಿನವೂ ನಗುನಗುತ್ತಾ ನೋಡಿದ್ದೇನೆ.

ಅಲ್ಲಿ ಹಾಜರಿ ಹಾಕುವ ಗುಂಡಿ ಕಂಪ್ಯೂಟರಿನ ಒಳಗಿತ್ತು. ಅದು ಕಣ್ಣಿಗೆ ಬೀಳಬೇಕಾದರೆ ಮೊದಲು ಕಂಪ್ಯೂಟರ್ ನಿದ್ದೆಯಿಂದ ಏಳಬೇಕು. ಆಮೇಲೆ ಫೋನಿನ ಪರದೆ ತೆರೆಯಬೇಕು, ಗ್ರಾಹಕರ ಪರದೆ ತೆರೆಯಬೇಕು, ರಿಪೇರಿಯವರ ಪರದೆ ತೆರೆಯಬೇಕು. ಇಷ್ಟಾದ ಮೇಲೆ ಬೆಳಗಿನ ಅಭ್ಯಾಸ. ಹೌದು, ಸಂಗೀತಗಾರರಂತೆ ನಮಗೂ ಬೆಳಗಿನ ಅಭ್ಯಾಸವಿತ್ತು. ಇಬ್ಬಿಬ್ಬರು ಜೋಡಿಯಾಗಿ, ಒಬ್ಬರು ಗ್ರಾಹಕರಂತೆ ದೂರು ಹೇಳಬೇಕು, ಇನ್ನೊಬ್ಬರು ಅದನ್ನು ಪರದೆಯಲ್ಲಿ ತುಂಬಬೇಕು. ಅಭ್ಯಾಸ ಸರಿಯಾಗಿದೆ ಎಂದು ಯಂತ್ರ ಒಪ್ಪಿದ ಮೇಲೇ ಹಾಜರಿಯ ಗುಂಡಿ ಪ್ರತ್ಯಕ್ಷ. ಅಲ್ಲಿಂದ ಸಂಬಳ ಶುರು. ಅಲ್ಲಿಯವರೆಗಿನದು ಏನು ಎಂದು ಒಮ್ಮೆ ನಮ್ಮ ಮೇಲ್ವಿಚಾರಕನನ್ನು ಕೇಳಿದ್ದೆ. ಅವನಿಗೆ ನನ್ನ ಅರ್ಧ ವಯಸ್ಸು. "ಅಭ್ಯಾಸ ಅಂದ್ರೆ ಕಲಿಯೋದು ಎಲ್ವಿನ್. ಕಲಿಯೋದಕ್ಕೆ ಯಾರಾದ್ರೂ ದುಡ್ಡು ಕೊಡ್ತಾರಾ? ಕಾಲೇಜಲ್ಲಾದ್ರೆ ನೀವೇ ಕಟ್ಟಬೇಕು" ಎಂದ. ಆ ಲೆಕ್ಕದಲ್ಲಿ ಆ ಮಹಾನ್ ಸಂಸ್ಥೆ ನಮಗೆ ಉಚಿತ ಶಿಕ್ಷಣ ಕೊಟ್ಟಿದೆ. ಇದನ್ನು ದಯವಿಟ್ಟು ಹೊಗಳಿಕೆ ಎಂದು ಬರೆದುಕೊಳ್ಳಿ.

ಈಗ ಶ್ರೀಮತಿ ನೆನಿತಾ ಬಲುಯೋತ್ ಅವರ ಬಗ್ಗೆ ಹೇಳಬೇಕು. ಅವರು ಇಲ್ಲಿಲ್ಲ. ಅವರನ್ನು ಕರೆದಿಲ್ಲ. ದಾವೆಯ ಹೆಸರು 'ಮಚಾಡೊ ಮತ್ತು ಇತರರು'. ಮಚಾಡೊ ನಾನು. ಅವರು ಇತರರು.

ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುತ್ತಿದ್ದವರು ಅವರೇ. ಫಿಲಿಪೀನ್ಸಿನವರು, ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ಇಡೀ ಹಾಲಿನಲ್ಲಿ ಎಲ್ಲರಿಗೂ ಅವರು ಅಕ್ಕ. ಅವರಿಗಿಂತ ದೊಡ್ಡವರಿಗೂ ಅಕ್ಕ. ಅಭ್ಯಾಸಕ್ಕೆ ಒಂದು ತೊಡಕಿತ್ತು. ಸುಳ್ಳು ಹೆಸರು ಹಾಕಿದರೆ ಯಂತ್ರ ಒಪ್ಪುತ್ತಿರಲಿಲ್ಲ. ಹೆಸರಿಗೂ ಸರಕಾರ ಕೊಟ್ಟ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಗೂ ಬ್ಯಾಂಕಿನ ಖಾತೆಗೂ ತಾಳೆ ನೋಡುತ್ತಿತ್ತು. ನಿಜವಾದ ಗ್ರಾಹಕರ ಹೆಸರನ್ನೇ ಹಾಕಿ ಆಡಬಹುದಿತ್ತು. ಬೇರೆ ಊರುಗಳ ಹಾಲುಗಳಲ್ಲಿ ಹಾಗೇ ಮಾಡುತ್ತಿದ್ದರಂತೆ. ನೆನಿತಾ ಅವರು ಒಪ್ಪಲಿಲ್ಲ. ಹೊಸಬರಿಗೆ ಅವರು ಹೇಳುತ್ತಿದ್ದ ಮಾತು ನನಗೆ ಈಗಲೂ ಕಿವಿಯಲ್ಲಿದೆ.

"ಬೇರೆಯವರ ಗುಟ್ಟು ನಮ್ಮ ಕೈಗೆ ಬಂದಿದೆ ಅಂತ ಆಟಕ್ಕೂ ಅದನ್ನ ಮುಟ್ಟಬಾರದು ಕಣ್ರಪ್ಪಾ. ನಮ್ಮ ನಮ್ಮದೇ ಹಾಕೋಣ. ನಮ್ಮದನ್ನ ಕದ್ದು ಯಾರು ಏನು ಮಾಡ್ಕೋತಾರೆ?"

ಹಾಗಾಗಿ ನಾವೆಲ್ಲ ನಮ್ಮದೇ ಹೆಸರು, ನಮ್ಮದೇ ಸಂಖ್ಯೆ, ನಮ್ಮದೇ ಖಾತೆ, ನಮ್ಮ ತಾಯಂದಿರ ತವರಿನ ಹೆಸರು ಹಾಕಿ ದಿನವೂ ಗ್ರಾಹಕರಾದೆವು. ನೆನಿತಾ ಅವರು ಎಲ್ಲರಿಗೂ ಮಾದರಿ ತೋರಿಸಬೇಕಾದವರು, ಅವರದನ್ನು ಒಂದು ಖಾನೆಯೂ ಖಾಲಿ ಬಿಡದೆ ತುಂಬುತ್ತಿದ್ದರು.

ಆದರೆ ರಿಪೇರಿಗೆ ಮನೆ ಬೇಕಲ್ಲ? ನಮ್ಮಲ್ಲಿ ಬಹಳ ಜನ ಬಾಡಿಗೆಯವರು, ಕೆಟ್ಟರೆ ಯಜಮಾನನಿಗೆ ಹೇಳಬೇಕಾದವರು. ಹಾಗಾಗಿ ಮನೆಗಳನ್ನು ಕಟ್ಟಿಕೊಂಡೆವು. ಮನೆ ಸುಳ್ಳು, ನಾವು ನಿಜ. ನಾನು ಒಂದು ಈಜುಕೊಳ ಇಟ್ಟುಕೊಂಡೆ. ಅದರ ಪಂಪು ದಿನವೂ ಕೆಡುತ್ತಿತ್ತು. ಸಿರಿವಂತರ ಕಷ್ಟ ಏನೆಂದು ನನಗೆ ಅಲ್ಲಿ ತಿಳಿಯಿತು.

ನನ್ನ ಪಕ್ಕದ ಸೀಟು ನೆನಿತಾ ಅವರದು, ಆದ್ದರಿಂದ ನನ್ನ ಜೋಡಿಯೂ ಅವರೇ. ಅವರ ಮನೆ ಎಂದೂ ಬದಲಾಗಲಿಲ್ಲ. ಎರಡು ಕೋಣೆ. ಅಕ್ಕಿ ಇಡಲು ಒಣಗಿದ ಜಾಗ. ಹಿತ್ತಲಲ್ಲಿ ಒಂದು ನಿಂಬೆ ಗಿಡ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ತೊಟ್ಟಿಯ ನೇರಕ್ಕೆ ಒಂದು ಕಿಟಕಿ. ಪಾತ್ರೆ ತೊಳೆಯುವ ಯಂತ್ರದ ಖಾನೆ ಬಂದಾಗ 'ಬೇಡ' ಎನ್ನುತ್ತಿದ್ದರು. ಕಿಟಕಿ ಇದ್ದ ಮೇಲೆ ಪಾತ್ರೆ ತೊಳೆಯೋದು ಬೇಜಾರಲ್ಲ ಎನ್ನುತ್ತಿದ್ದರು. ಕಿಟಕಿಗೆ ಪರದೆಯಲ್ಲಿ ಖಾನೆಯೇ ಇರಲಿಲ್ಲ. ನಾನು ಅದನ್ನು 'ಇತರೆ ವಿವರ' ಎಂಬಲ್ಲಿ ಬರೆಯುತ್ತಿದ್ದೆ. ಪ್ರತಿದಿನ.

ಆ ಮನೆಯಲ್ಲಿ ಕೆಡುತ್ತಿದ್ದದ್ದು ಒಂದೇ, ಬಿಸಿನೀರಿನ ಹಂಡೆ.

"ರಿಪೇರಿಯವರು ಯಾವಾಗ ಬರ್ತಾರೆ?"

"ನಾಳೆ ಬೆಳಗ್ಗೆ ಮೇಡಂ. ಎಂಟರಿಂದ ಹನ್ನೆರಡರ ಒಳಗೆ."

"ಕಾಯ್ತಿರ್ತೀನಿ. ಕಾಫಿ ಕುಡಿದು ಬರಬೇಡಿ ಅಂತ ಹೇಳಿ. ಇಲ್ಲೇ ಮಾಡಿಕೊಡ್ತೀನಿ."

ಇದು ಅಭ್ಯಾಸದ ಮಾತು. ಇದರಲ್ಲಿ ಬೇರೆ ಏನೂ ಇಲ್ಲ. ಈ ಹೊತ್ತಿಗೆ ಆ ಮಹಾನ್ ಸಂಸ್ಥೆ ನಮಗೆ ಕೂಲಿ ಕೊಡಲಿಲ್ಲ ಎಂಬುದೇ ನಮ್ಮ ದಾವೆ. ಕೊಡಬೇಕಾಗಿತ್ತು, ಅದು ಕೆಲಸವೇ. ಆದರೆ ನನ್ನನ್ನು ಕೇಳಿದ್ದರೆ ನಾನೇ ಕೈಯಿಂದ... ಬಿಡಿ. ನನ್ನ ವಕೀಲರು ಕಣ್ಣು ಬಿಡುತ್ತಿದ್ದಾರೆ.

ಆಮೇಲೆ ಕಳವಾಯಿತು. ಕಳ್ಳರು ಗ್ರಾಹಕರ ಮಾಹಿತಿಯನ್ನೆಲ್ಲ ಬಾಚಿಕೊಂಡು ಹೋದರು. ಬೀಗ ಒಡೆದು ಹೋದರು ಎಂದರೆ ಕಳ್ಳರಿಗೆ ಇಲ್ಲದ ಶ್ರಮವನ್ನು ಅಂಟಿಸಿದಂತಾಗುತ್ತದೆ. ಆ ಮಹಾನ್ ಸಂಸ್ಥೆ ವಿಶಾಲ ಮನಸ್ಸಿನದು, ಬಾಗಿಲು ಹಾಕುವ ಸಣ್ಣತನ ಅದಕ್ಕಿಲ್ಲ. ಮರುದಿನದಿಂದ ಫೋನುಗಳು ಒಂದೇ ಸಮನೆ ಹೊಡೆದುಕೊಂಡವು. ನಮ್ಮ ಕೈಗೆ ಒಂದು ಕಾರ್ಡು ಕೊಟ್ಟರು. 'ನಿಮ್ಮ ಆತಂಕ ನಮಗೆ ಅರ್ಥವಾಗುತ್ತದೆ' ಎಂದು ಶುರುವಾಗಿ 'ನಿಮ್ಮ ನಂಬಿಕೆಗೆ ಧನ್ಯವಾದ' ಎಂದು ಮುಗಿಯುತ್ತಿತ್ತು. ನಡುವೆ ಏನೂ ಇರಲಿಲ್ಲ. ಸಾಲ್ಮನ್ ಮೀನು ಹಿಡಿಯುವ ಒಬ್ಬ ಮುದುಕ ನನಗೆ ಬೈದ ಬೈಗುಳಗಳನ್ನು ಈ ವೇದಿಕೆಯಲ್ಲಿ ಹೇಳುವಂತಿಲ್ಲ, ಆದರೆ ಅವುಗಳಲ್ಲಿ ಕವಿತ್ವವಿತ್ತು. ಪಾಳಿ ಮುಗಿದರೂ ಏಳಬೇಡಿ ಎಂದರು. ಕುಟುಂಬದಲ್ಲಿ ಕಷ್ಟ ಬಂದಾಗ ಯಾರೂ ಗಂಟೆ ಲೆಕ್ಕ ಹಾಕುವುದಿಲ್ಲ ಎಂದರು. ಅದಕ್ಕೂ ಸಂಬಳವಿಲ್ಲ. ಪೀಟ್ಸಾ ತರಿಸಿದರು. ಅದು ತಣ್ಣಗಾಗುವವರೆಗೂ ಫೋನು ಕೆಳಗಿಡಲು ಬಿಡಲಿಲ್ಲ.

ಹೀಗೆ ನಾವು ಲಕ್ಷಾಂತರ ಜನರನ್ನು ಸಮಾಧಾನ ಮಾಡುತ್ತಾ ಕೂತಿದ್ದಾಗ, ಕಳವಾದ ಗ್ರಾಹಕರ ಪಟ್ಟಿಯಲ್ಲಿ ಈಜುಕೊಳದ ಮಚಾಡೊ, ಕಿಟಕಿಯ ಬಲುಯೋತ್ ಎಲ್ಲರೂ ಇದ್ದೇವೆ ಎಂದು ನಮಗೆ ಯಾರು ಹೇಳಬೇಕಿತ್ತು? ಯಾರೂ ಹೇಳಲಿಲ್ಲ. ಫ್ಲಾರಿಡಾದಿಂದ ಒಬ್ಬ ಮನುಷ್ಯ ನೆನಿತಾ ಅವರಿಗೆ ಫೋನ್ ಮಾಡಿ, ಮೇಡಂ, ನಿಮ್ಮ ದೋಣಿ ನಿಲ್ಲಿಸಿದ ಜಾಗದ ಬಾಡಿಗೆ ಬಾಕಿ ಇದೆ ಎಂದ.

ದ್ವೀಪದಲ್ಲಿ ಹುಟ್ಟಿದ ಈ ಹೆಂಗಸಿಗೆ ನೀರು ಕಂಡರೆ ಪ್ರಾಣ ಹೋಗುತ್ತದೆ. ಅವರ ಹೆಸರಲ್ಲಿ ಈಗ ಎರಡು ಎಂಜಿನ್ನಿನ ಒಂದು ದೋಣಿ ಇದೆ. ದೋಣಿಗೆ ಸಾಲ ಇದೆ. ಆ ಸಾಲ ತೀರಿಸಲು ಇನ್ನೊಂದು ಸಾಲ ಇದೆ. ಕಳ್ಳ ಬಹಳ ಶಿಸ್ತಿನವನು, ಮೊದಲ ಕಂತು ಕಟ್ಟಿದ್ದಾನೆ.

ಅದೇ ಹೊತ್ತಿಗೆ ಅವರು ಬಾಡಿಗೆಗಿದ್ದ ಮನೆ ಮಾರಾಟವಾಯಿತು. ಬೇರೆ ಮನೆ ನೋಡಬೇಕು. ಈ ರಾಜ್ಯದಲ್ಲಿ ಬಾಡಿಗೆ ಮನೆ ಕೇಳಿದರೆ ಮೊದಲು ನಿಮ್ಮ ಸಾಲದ ಜಾತಕ ತೆಗೆಸುತ್ತಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನೆನಿತಾ ಅವರ ಜಾತಕ ತೆಗೆದವರೆಲ್ಲ ಫೈಲು ಮುಚ್ಚಿದರು. ಮಾರ್ಚ್ ಲೇನಿನ ಒಂದು ಅಪಾರ್ಟ್‌ಮೆಂಟಿನ ಮ್ಯಾನೇಜರಂತೂ ನನ್ನ ಎದುರಿಗೇ, "ಏನ್ ಮೇಡಂ, ದೋಣಿ ಇಟ್ಕೊಂಡು ಇಲ್ಲಿ ಬಂದು ಬಾಡಿಗೆಗೆ ಚೌಕಾಸಿ ಮಾಡ್ತೀರಲ್ಲ" ಎಂದು ನಕ್ಕ. ಅವಳು ಅವನಿಗೂ 'ನಿಮ್ಮ ಸಮಯಕ್ಕೆ ಧನ್ಯವಾದ' ಎಂದಳು. ಹಾಳಾದ ಆ ಸವಿ ದನಿ ಅವಳಿಗೆ ಕೆಲಸ ಮುಗಿದ ಮೇಲೂ ಹೋಗುವುದಿಲ್ಲ.

ಹೀಗೆ ಅವರು ನಮ್ಮ ಮನೆಗೆ ಬಂದರು. ತಾತ್ಕಾಲಿಕವಾಗಿ. ಒಳಗಿನ ಕೋಣೆ ಅವರಿಗೆ, ಸೋಫಾ ನನಗೆ. ನಾವು ಪೋರ್ಚುಗೀಸರು ಸೇರುವ ಸಮುದಾಯ ಭವನದಲ್ಲಿ ಈ ಬಗ್ಗೆ ಮಾತು ಬಂದಿದೆ, ಅದಕ್ಕೇ ಸ್ಪಷ್ಟವಾಗಿ ಹೇಳುತ್ತಿದ್ದೇನೆ.

ಕಷ್ಟದ ಭಾಗ ಮುಗಿಯಿತು. ಈಗ ಟಾಲ್ಮನ್ ಅವರು ಬರುವ ಭಾಗ.

ಟಾಲ್ಮನ್ ಅವರು ಬಂದರು. ಊರ ಲೈಬ್ರರಿಯ ಕೋಣೆಯಲ್ಲಿ ನಮ್ಮನ್ನೆಲ್ಲ ಕೂರಿಸಿದರು. ಸಾಮೂಹಿಕ ದಾವೆ ಎಂದರೆ ಎಲ್ಲರ ಪರವಾಗಿ ಒಬ್ಬರ ಹೆಸರು ಮುಂದಿರಬೇಕು ಎಂದರು. ನನ್ನನ್ನು ದಿಟ್ಟಿಸಿ ನೋಡಿ, "ನಿಮ್ಮ ಮುಖ ನೋಡಿದ್ರೆ ಜನಕ್ಕೆ ನಂಬಿಕೆ ಬರತ್ತೆ" ಎಂದರು. ಕನ್ನಡಿ ನೋಡಿ ನೋಡಿ ತಯಾರಾದ ಮುಖ, ಬಾರದೆ ಇರುತ್ತದೆಯೇ? ಅವರ ಜಾಣತನವನ್ನು ನಾನು ಮನಸಾರೆ ಹೊಗಳುತ್ತೇನೆ. ನಾವು ಹಾಜರಿಗೆ ಮುಂಚೆಯೇ ಕೆಲಸ ಮಾಡುತ್ತಿದ್ದೆವು ಎನ್ನುವುದಕ್ಕೆ ಸಾಕ್ಷಿ ಎಲ್ಲಿದೆ ಎಂದು ಎದುರು ಪಕ್ಷ ಕೇಳಿದಾಗ, ಅವರು ಆ ಬೆಳಗಿನ ಅಭ್ಯಾಸಗಳ ದಾಖಲೆಗಳನ್ನೇ ತಂದು ಮೇಜಿನ ಮೇಲೆ ಸುರಿದರು. ಪ್ರತಿಯೊಂದಕ್ಕೂ ನಮ್ಮ ಹೆಸರು, ಪ್ರತಿಯೊಂದಕ್ಕೂ ಹೊತ್ತು. ಎಲ್ಲವೂ ಹಾಜರಿಗಿಂತ ಮುಂಚಿನವು. 'ಇದು ಆಟವಲ್ಲ, ಇದು ಕೆಲಸ' ಎಂದು ಮೇಜು ಗುದ್ದಿದರಂತೆ. ಆ ಮಹಾನ್ ಸಂಸ್ಥೆ ಬಗ್ಗಿತು.

ಈ ನಡುವೆ ಮಾಹಿತಿ ಕಳೆದುಕೊಂಡ ಗ್ರಾಹಕರ ಪರವಾಗಿಯೂ ಒಂದು ಸಾಮೂಹಿಕ ದಾವೆ ಬಿದ್ದಿತ್ತು. ಅದಕ್ಕೂ ವಕೀಲರು ಟಾಲ್ಮನ್ ಅವರೇ. ಎರಡನ್ನೂ ಸೇರಿಸಿ ಒಂದೇ ರಾಜಿ ಮಾಡಿಸಿದರು. ಒಂದೇ ಸಹಿಯಲ್ಲಿ ಎರಡು ಮೊಕದ್ದಮೆ ಮುಗಿಸಿದ ಚಾತುರ್ಯ ಎಂದು ಅಧ್ಯಕ್ಷರು ಈಗತಾನೇ ಕೊಂಡಾಡಿದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ಕೈಯಲ್ಲಿ ಫೋರ್ಕ್ ಇತ್ತು, ಅದಕ್ಕೇ ನನ್ನದು ಕೇಳಿಸಿರಲಿಕ್ಕಿಲ್ಲ.

ಆ ಚಾತುರ್ಯ ಹೇಗಿದೆ ನೋಡಿ. ಗ್ರಾಹಕರ ಪರಿಹಾರ ಯಾರಿಗೆ? ಕಂತು ಕಟ್ಟಿದವರಿಗೆ. ಅವರ ಹೆಸರಲ್ಲಿ ಆದ ಸಾಲವನ್ನೆಲ್ಲ ಆ ಮಹಾನ್ ಸಂಸ್ಥೆಯೇ ನಿಂತು ಅಳಿಸಿಕೊಡುತ್ತದೆ. ಬಹಳ ಒಳ್ಳೆಯದು. ಆದರೆ ನಾವು ಕಂತು ಕಟ್ಟಿದ್ದೆವೇ? ಇಲ್ಲ. ನಮ್ಮದು ಸುಳ್ಳು ಮನೆ. ಹಾಗಾಗಿ ನಾವು ಗ್ರಾಹಕರಲ್ಲ. ಸರಿ, ನೌಕರರು ತಮ್ಮ ಮಾಹಿತಿ ಹೋಯಿತೆಂದು ಬೇರೆ ಕೇಳಬಹುದೇ? ಇಲ್ಲ. ನೌಕರರ ರಾಜಿಯಲ್ಲಿ ಒಂದು ಸಾಲಿದೆ. ಓವರ್‌ಟೈಮಿನ ಚೆಕ್ಕಿನ ಜೊತೆಗೆ ಆ ಸಂಸ್ಥೆಯ ಮೇಲಿನ ನಮ್ಮ ಎಲ್ಲ ದೂರುಗಳೂ ತೀರಿದಂತೆ. ಗೊತ್ತಿರುವವು, ಗೊತ್ತಿಲ್ಲದವು, ಮುಂದೆ ಗೊತ್ತಾಗುವಂಥವು. ಅಂದರೆ, ಓವರ್‌ಟೈಮ್ ಕೇಳುವಾಗ ಆ ಬೆಳಗಿನ ಅಭ್ಯಾಸ ನಿಜವಾದ ಕೆಲಸ. ದೋಣಿಯ ಸಾಲ ಅಳಿಸಿ ಎಂದು ಕೇಳುವಾಗ ಅದೇ ಅಭ್ಯಾಸ ಬರೀ ಆಟ. ಇಷ್ಟು ಚೆನ್ನಾಗಿ ಎರಡೂ ಕಡೆ ತಿರುಗುವ ವಸ್ತುವನ್ನು ನಾನು ರಿಪೇರಿ ಕಂಪನಿಯಲ್ಲಿದ್ದೂ ಕಂಡಿರಲಿಲ್ಲ.

ಚೆಕ್ಕು ಎಷ್ಟರದು ಎಂದು ಕೇಳಬೇಡಿ. ಒಂದು ಪೀಟ್ಸಾ ಬರುತ್ತದೆ. ಈ ಸಲ ಬಿಸಿಯಾಗಿಯೇ ತಿನ್ನಬಹುದು.

ಬೇಡವಾದವರು ಈ ರಾಜಿಯಿಂದ ಹೊರಗುಳಿಯಬಹುದಿತ್ತು, ಅದಕ್ಕೆ ತಿಳಿವಳಿಕೆ ಪತ್ರ ಕಳಿಸಿದ್ದೆವು ಎನ್ನುತ್ತಾರೆ. ನೆನಿತಾಳದು ಆ ಮಾರಾಟವಾದ ಮನೆಗೆ ಹೋಯಿತು. ಅವಳ ಈಗಿನ ವಿಳಾಸ ದೋಣಿಯವರಿಗೆ ಗೊತ್ತಿದೆ, ಸಾಲದವರಿಗೆ ಗೊತ್ತಿದೆ. ಅವಳ ಪರವಾಗಿ ಹೋರಾಡಿದವರಿಗೆ ಮಾತ್ರ ಗೊತ್ತಿರಲಿಲ್ಲ.

ನಾನು ಟಾಲ್ಮನ್ ಅವರ ಕಚೇರಿಗೆ ಹೋದೆ. ಅಲ್ಲಿ ಗೋಡೆಯಷ್ಟು ದೊಡ್ಡ ಮೀನಿನ ತೊಟ್ಟಿ ಇದೆ. ಆ ಒಂದು ಸಾಲು ತೆಗೆಸಿ ಎಂದು ಕೇಳಿದೆ.

"ಎಲ್ವಿನ್, ಒಳ್ಳೆ ರಾಜಿ ಅಂದ್ರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ನೋವಾಗಬೇಕು" ಎಂದರು.

"ಇದರಲ್ಲಿ ಯಾರಿಗಾಗ್ತಿದೆ ಸರ್?"

"ಒಟ್ಟಾರೆ ನೋಡಿದ್ರೆ ಬಹಳ ಕಡಿಮೆ ಜನಕ್ಕೆ."

"ಅದರಲ್ಲಿ ಒಬ್ಬಳು ನಮ್ಮನೇಲಿದಾಳೆ. ಅವಳಿಗೆ ಬೇರೆ ಎಲ್ಲೂ ಮನೆ ಸಿಗ್ತಿಲ್ಲ."

ಅವರು ಮೀನುಗಳಿಗೆ ಕಾಳು ಹಾಕುತ್ತಾ ಹೇಳಿದರು. "ಹಾಗಾದ್ರೆ ಇರೋದಕ್ಕೆ ಜಾಗ ಸಿಕ್ಕಿದೆ ಅಂತಾಯ್ತಲ್ಲ."

ಸಭಿಕರೇ, ನಾನು ಮರುಮಾತಾಡದೆ ಎದ್ದು ಬಂದೆ. ಅವರು ಅದನ್ನು ಒಪ್ಪಿಗೆ ಎಂದುಕೊಂಡಿರಬೇಕು, ಇಲ್ಲದಿದ್ದರೆ ನನ್ನನ್ನು ಇಲ್ಲಿಗೆ ಯಾಕೆ ಕರೆಯುತ್ತಿದ್ದರು? ನಾನು ಯಾಕೆ ಮರುಮಾತಾ‌ಡಲಿಲ್ಲ? ಆ ಮಾತು ನನಗೆ ಹೊಸದಾಗಿರಲಿಲ್ಲ. ಸೋಫಾದ ಮೇಲೆ ಕಾಲು ಮುದುರಿಕೊಂಡು ಮಲಗಿ ಅದನ್ನೇ ನಾನೂ ಎಷ್ಟೋ ಸಲ ಅಂದುಕೊಂಡಿದ್ದೆ. ಸಿಕ್ಕಿದೆಯಲ್ಲ ಜಾಗ.

ನಮ್ಮ ಅಡುಗೆಮನೆಯ ತೊಟ್ಟಿಯ ನೇರಕ್ಕೆ ಕಿಟಕಿ ಇಲ್ಲ. ಗೋಡೆ ಇದೆ. ಮೊನ್ನೆ ನಾನು ಅಳತೆ ಟೇಪು ಹಿಡಿದು ಆ ಗೋಡೆಯ ಮುಂದೆ ನಿಂತಿದ್ದಾಗ ನನ್ನ ತಂಗಿ ಇದಲೀನಾ ಸಿಹಿ ಬ್ರೆಡ್ಡು ತಗೊಂಡು ಬಂದಳು. ನೋಡಿದಳು. "ಅಣ್ಣಾ, ಬಾಯಿಬಿಟ್ಟು ಒಂದು ಮಾತು ಇಲ್ಲೇ ಇರು ಅಂತ ಕೇಳು. ಇನ್ನೂ ಎಷ್ಟು ದಿನ ಅಭ್ಯಾಸ ಮಾಡ್ತೀಯ?" ಎಂದಳು.

ಕೇಳಬಹುದು. ಆದರೆ ಹೋಗುವುದಕ್ಕೆ ಬೇರೆ ಜಾಗವೇ ಇಲ್ಲದವಳನ್ನು ಇಲ್ಲೇ ಇರು ಎಂದು ಕೇಳಿದರೆ ಅದು ಕೇಳಿದ ಹಾಗಾಯಿತೇ? ಅವಳು ಹೂಂ ಎಂದರೆ ಆ ಹೂಂಗೆ ಏನರ್ಥ? ಈ ಹಾಲಿನಲ್ಲಿ ಇಷ್ಟೊಂದು ವಕೀಲರಿದ್ದೀರಿ. ಬೇರೆ ದಾರಿಯಿಲ್ಲದವರಿಂದ ಹಾಕಿಸಿಕೊಂಡ ಸಹಿಯನ್ನು ನೀವು ಏನೆನ್ನುತ್ತೀರಿ? ಇಂದು ಅದಕ್ಕೆ ಗಾಜಿನ ಗಡಿಯಾರದ ಪ್ರಶಸ್ತಿ ಕೊಟ್ಟಿದ್ದೀರಿ. ಅದರ ಮುಳ್ಳುಗಳು ಓಡುವುದಿಲ್ಲ ಎಂದು ಗಮನಿಸಿದೆ. ನಮ್ಮ ಹಳೆಯ ಹಾಲಿನ ಗಡಿಯಾರದ ಹಾಗೇ ಇದೆ.

ಅವಳು ಮಾತ್ರ ನೇರವಾಗಿಯೇ ಹೇಳಿದ್ದಾಳೆ. "ನಿನ್ನ ಮನೆ ಚೆನ್ನಾಗಿದೆ ಎಲ್ವಿನ್. ಆದ್ರೆ ನನ್ನ ಹೆಸರಲ್ಲಿ ದೋಣಿ ಇದೆ, ಒಂದು ಬೀಗದ ಕೈ ಇಲ್ಲ. ಸಣ್ಣದಾದ್ರೂ ಪರವಾಗಿಲ್ಲ, ನನ್ನ ಹೆಸರಿಂದು ಒಂದು ಬೇಕು. ಮನೆ ಸಿಕ್ಕಿದ ದಿನ ಹೋಗ್ತೀನಿ." ಅವಸರವೇನಿಲ್ಲ ಎಂದೆ. ಬಹಳ ಅವಸರದಲ್ಲಿ ಎಂದೆ ಅಂತ ಕಾಣುತ್ತದೆ, ಅವಳು ಇಸ್ತ್ರಿ ನಿಲ್ಲಿಸಿ ನನ್ನನ್ನು ನೋಡಿದಳು. ಈ ಅಂಗಿ ಅವಳೇ ಇಸ್ತ್ರಿ ಮಾಡಿದ್ದು. ಹೊರಡುವಾಗ, ಊಟ ಹಾಕಿದವರನ್ನು ಬೈಯಬೇಡ ಎಂದೂ ಹೇಳಿ ಕಳಿಸಿದಳು. ನಾನು ಬೈದಿಲ್ಲ. ಬೈದಿದ್ದೇನೆ ಎಂದು ಯಾರಿಗಾದರೂ ಅನ್ನಿಸಿದ್ದರೆ ಅದು ಅವರವರ ಅನುಕೂಲ.

ಇನ್ನು ಕಷ್ಟ ಹೋದ ಭಾಗ. ಅದು ಇನ್ನೂ ಹೋಗಿಲ್ಲ, ಅದಕ್ಕೇ ಮಾತು ಮುಗಿಸುತ್ತೇನೆ. ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಸ್ಯಾಕ್ರಮೆಂಟೊ ಕೋರ್ಟಿನಲ್ಲಿ ನ್ಯಾಯಾಧೀಶರು ಈ ರಾಜಿಗೆ ಕೊನೆಯ ಮುದ್ರೆ ಒತ್ತುತ್ತಾರೆ. ಒತ್ತುವ ಮೊದಲು, ಯಾರದಾದರೂ ತಕರಾರು ಇದೆಯೇ ಎಂದು ಕೇಳುತ್ತಾರೆ. ಯಾರದೂ ಇರುವುದಿಲ್ಲವಂತೆ, ಸಾಮಾನ್ಯವಾಗಿ. ಈ ಸಲ ಒಂದಿದೆ. ಬರೆದು ಗಡುವಿನೊಳಗೇ ಕಳಿಸಿದ್ದೇನೆ. ಟಾಲ್ಮನ್ ಅವರೇ, ನಿಮ್ಮ ಮೇಜಿಗೂ ಒಂದು ಪ್ರತಿ ಬಂದಿರುತ್ತದೆ, ಪ್ರಶಸ್ತಿಯ ಗಡಿಬಿಡಿಯಲ್ಲಿ ನೋಡಿರಲಿಕ್ಕಿಲ್ಲ. ಎದ್ದು ನಿಂತು ಹೇಳಲು ನಾನೇ ಬೇಕು, ಯಾಕೆಂದರೆ ದಾವೆಯ ಮೇಲಿರುವುದು ನನ್ನ ಹೆಸರು. ನನ್ನ ಗೌರವಧನ ಹೋಗುತ್ತದೆ ಎಂದು ಗೊತ್ತಿದೆ. ರಾಜಿಯ ಆ ಒಂದು ಸಾಲು ಹೋದರೆ ದೋಣಿ ಹೋಗುತ್ತದೆ. ದೋಣಿ ಹೋದರೆ ಅವಳಿಗೆ ಮನೆ ಸಿಗುತ್ತದೆ. ಆಮೇಲೆ, ಅವಳ ಕೈಯಲ್ಲಿ ಅವಳದೇ ಬೀಗದ ಕೈ ಇರುವಾಗ, ನಾನು ಹೋಗಿ ಬಾಗಿಲು ತಟ್ಟಿ ಕೇಳಬೇಕಾದದ್ದು ಕೇಳುತ್ತೇನೆ. ಕಾಫಿ ಕುಡಿಯದೆ ಹೋಗುತ್ತೇನೆ.

ಆದ್ದರಿಂದ ಒಂದು ಸಣ್ಣ ಉಪಕಾರ. ನನ್ನ ಕಾರಿನ ಗೇರ್‌ಬಾಕ್ಸ್ ಹೋಗಿದೆ. ಮೊದಲ ಬಸ್ಸು ಸ್ಯಾಕ್ರಮೆಂಟೊ ಮುಟ್ಟುವ ಹೊತ್ತಿಗೆ ನ್ಯಾಯಾಧೀಶರು ಮುದ್ರೆ ಒತ್ತಿ ಒಳಗೆ ಹೋಗಿರುತ್ತಾರೆ. ನಿಮ್ಮಲ್ಲಿ ಗುರುವಾರ ಆ ಕಡೆ ಹೋಗುವವರು ಬಹಳ ಜನ ಇದ್ದೀರಿ. ಕಾರಿನಲ್ಲಿ ಇಬ್ಬರಿಗೆ ಜಾಗವಿದ್ದರೆ ತಿಳಿಸಿ. ಅವಳಿಗೆ ಕಾರಿನಲ್ಲಿ ತಲೆ ಸುತ್ತುತ್ತದೆ, ಮುಂದಿನ ಸೀಟು ಕೊಟ್ಟು ಕಿಟಕಿ ತೆರೆದಿಡಬೇಕು. ದಾರಿಗೆ ಶಾವಿಗೆ ಮಾಡಿ ತರುತ್ತಾಳೆ, ನಿಮಗೂ ಸೇರಿಸಿ. ಟಾಲ್ಮನ್ ಅವರು ಒಬ್ಬರೇ ಹೋಗುತ್ತಾರೆ, ಅವರದು ದೊಡ್ಡ ಕಾರು ಎಂದು ಕೇಳಿದ್ದೇನೆ. ಅವರನ್ನು ಕೇಳಲು ನನಗೆ ಸಂಕೋಚ. ಅವರೇ ಕರೆದರೆ ಬೇಡ ಎನ್ನುವುದಿಲ್ಲ, ದಾರಿಯುದ್ದಕ್ಕೂ ಮೊಕದ್ದಮೆಯ ಮಾತೆತ್ತುವುದಿಲ್ಲ. ಪ್ರತಿಯಾಗಿ ಕೊಡಲು ನನ್ನ ಬಳಿ ಬಾಗಿಲ ಪಕ್ಕದ ಪಾರ್ಕಿಂಗ್ ಚೀಟಿ ಇದೆ. ಇವತ್ತಿಗೆ ಮಾತ್ರ ಸಲ್ಲುತ್ತದೆ. ರಾಜಿಗಳಲ್ಲಿ ದುಡ್ಡಿನ ಬದಲು ಕೂಪನ್ನು ಹಂಚಿ ಅಭ್ಯಾಸವಿರುವ ನಿಮಗೆ ಅದರ ಬೆಲೆ ಗೊತ್ತಿರುತ್ತದೆ.

ಕೇಳಿಸಿಕೊಂಡಿರಿ, ನಡುವೆ ಮೈಕು ಕಿತ್ತುಕೊಳ್ಳಲಿಲ್ಲ, ಅಧ್ಯಕ್ಷರಿಗೂ ನಿಮಗೂ ಧನ್ಯವಾದ. ಸನ್ಮಾನಿತರಿಗೆ ಅಭಿನಂದನೆ. ಎಲ್ಲರಿಗೂ ನಮಸ್ಕಾರ.

ಗುರುವಾರ ಬೆಳಗ್ಗೆ ಏಳು ಗಂಟೆಗೆ, ಎಲ್ ಡೊರಾಡೊ ಬೀದಿಯ ಲಾಂಡ್ರಿಯ ಮುಂದೆ. ಹಾರ್ನ್ ಹೊಡೆಯಬೇಡಿ. ನಾವಿಬ್ಬರೂ ಮುಂಚೆಯೇ ಬಂದು ನಿಂತಿರುತ್ತೇವೆ. ಅದು ನಮಗೆ ಅಭ್ಯಾಸವಾಗಿಹೋಗಿದೆ.